ಆದಿಲಕ್ಷ್ಮಿಯ ಎರಡನೇ ಗಾಜು

ನಲ್ಲಪ್ಪ ಮೇಷ್ಟರ ಸುದ್ದಿ ಮೊದಲು ನನ್ನ ಕಿವಿಗೆ ಬಿದ್ದಾಗ ನನ್ನ ಎರಡು ಕೈಯೂ ಬಿಸಿನೀರಿನಲ್ಲಿದ್ದವು. ಸಾವಿರದ ಒಂಬೈನೂರ ಅರವತ್ತೇಳನೆಯ ಇಸವಿ, ಸಂಕ್ರಾಂತಿ ಕಳೆದ ವಾರ. ಶಿಡ್ಲಘಟ್ಟದ ಒಂದು ಚರಕದ ಮನೆಯಲ್ಲಿ ನಾವು ಹನ್ನೆರಡು ಜನ ಹೆಂಗಸರು ಗೂಡು ಬೇಯಿಸಿ ರೇಷ್ಮೆ ಎಳೆ ತೆಗೆಯುತ್ತಿದ್ದೆವು. ನನ್ನ ಪಕ್ಕದ ಕಡಾಯಿ ವೆಂಕಟರತ್ನಮ್ಮನದು. ಅವಳ ಬಾಯಿಗೆ ಅವಳ ಕೈಗಿಂತ ಹೆಚ್ಚು ಕೆಲಸ.

"ಏಮೇ ಚಿಕ್ಕವೆಂಕಟಮ್ಮ, ಕೇಳಿದ್ಯಾ? ಕೆರೆ ಕಡೆ ಹಳೇ ಬಿತ್ತನೆ ಕೋಠಿಗೆ ಯಾರೋ ಒಬ್ಬ ಮೇಷ್ಟ್ರು ಬಂದವ್ರಂತೆ. ಸತ್ತ ಹುಳದ ಕೈಲಿ ಕೆಲಸ ಮಾಡಿಸ್ತಾರಂತೆ."

"ಬದುಕಿರೋ ನಮ್ಮ ಕೈಲಿ ಮಾಡ್ಸೋದು ಸಾಲ್ದಾ?" ಎಂದೆ.

"ನಗಬೇಡ್ವೇ. ಹಾಲಿನ ಮಂಗಮ್ಮ ಕಣ್ಣಾರೆ ನೋಡವ್ಳೆ. ಜಾಡಿ ತುಂಬ ಹುಳ. ಎಲ್ಲಾ ಸತ್ತಿವೆ, ಎಲ್ಲಾ ತಲೆ ಎತ್ಕೊಂಡಿವೆ. ಅದರ ಎದುರಿಗೆ ಕೂತ್ಕೊಂಡು ಕಡ್ಲೆಕಾಯಿ ಬಿಡಿಸ್ಕೊಂಡು ತಿಂತಾರಂತೆ, ಪುಣ್ಯಾತ್ಮರು."

ಎಲ್ಲರೂ ನಕ್ಕರು. ನಾವು ದಿನಕ್ಕೆ ಸಾವಿರ ಹುಳ ಬೇಯಿಸುವವರು. ಸತ್ತ ಹುಳ ನಮಗೆ ಸೊಪ್ಪು ಸದೆ ಇದ್ದ ಹಾಗೆ. ಆದರೆ ಸತ್ತ ಮೇಲೂ ಅದಕ್ಕೆ ಕೆಲಸವಿದೆ ಎಂಬ ಮಾತು ಮಾತ್ರ ಆ ದಿನವೆಲ್ಲ ನನ್ನನ್ನು ಬಿಡಲಿಲ್ಲ. ಕಡಾಯಿಯೊಳಗೆ ಉರುಳಾಡುತ್ತಿದ್ದ ಗೂಡುಗಳನ್ನು ನೋಡಲು ಒಂಥರಾ ಆಯಿತು.

ನಾಲ್ಕು ದಿನ ಬಿಟ್ಟು ಅವರೇ ನಮ್ಮ ಚರಕದ ಮನೆಗೆ ಬಂದರು. ನಲವತ್ತರ ಆಸುಪಾಸಿನ ಮನುಷ್ಯ. ಆ ಬಿಸಿಯಲ್ಲೂ ಕೋಟು, ಬಲಗೈ ಕೋಟಿನ ಜೇಬಿನೊಳಗೆ. ಯಜಮಾನರ ಹತ್ತಿರ ಏನೋ ಮಾತಾಡಿ, ನಮ್ಮ ಬೆನ್ನ ಹಿಂದೆ ಬಂದು ನಿಂತು, ಒಬ್ಬೊಬ್ಬರ ಬೆರಳನ್ನೂ ನೋಡುತ್ತಾ ಹೋದರು. ನನ್ನ ಹಿಂದೆ ಬಹಳ ಹೊತ್ತು ನಿಂತರು.

"ಎಳೆ ಹರಿದಾಗ ನಿಮ್ಮ ಕೈ ನೋಡ್ದೆ ಕಣಮ್ಮ. ಒಂದು ಚೂರೂ ಅಲುಗಲ್ಲ. ಮಧ್ಯಾಹ್ನದ ಮೇಲೆ ನನ್ನ ಹತ್ರ ಕೆಲಸಕ್ಕೆ ಬರ್ತೀರಾ?"

"ಯಾಕೆ, ನಿಮ್ಗೆ ಕೈ ಇಲ್ವಾ ಸ್ವಾಮಿ?" ಎಂದಳು ವೆಂಕಟರತ್ನಮ್ಮ.

ಅವರು ಜೇಬಿನಿಂದ ಬಲಗೈ ತೆಗೆದು ತೋರಿಸಿದರು. ಹಣ್ಣಾದ ಹುಳು ಗೂಡು ಕಟ್ಟಲು ಜಾಗ ಹುಡುಕುವಾಗ ತಲೆ ಆಡಿಸುತ್ತದಲ್ಲ, ಹಾಗೆ ಆ ಕೈ ತನ್ನಷ್ಟಕ್ಕೆ ತಾನು ಆಡುತ್ತಿತ್ತು. ಅವರು ಹೋದ ಮೇಲೆ ವೆಂಕಟರತ್ನಮ್ಮ, "ಹೋಗಮ್ಮ ಹೋಗು, ನೀನೂ ಒಂದು ಜಾಡಿ ಸೇರ್ಕೊ," ಎಂದಳು.

ನನಗೆ ಗಂಡ ಹೋಗಿ ಎರಡು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಮನೆಯಲ್ಲಿ ಕೂತರೆ ಅತ್ತೆಯ ಮುಖ ನೋಡಬೇಕು. ಹೋದೆ. ಅವರ ಜಾತಿ ಕೇಳಿ ಅತ್ತೆ, "ಅಲ್ಲಿ ನೀರು ಕುಡೀಬೇಡ," ಎಂದಿದ್ದಳು. ಮೊದಲ ವಾರ ಕುಡಿಯಲಿಲ್ಲ. ಎರಡನೆಯ ವಾರ ಅವರೇ ಬೆಲ್ಲದ ಕಾಫಿ ಮಾಡಿ ಲೋಟ ಮುಂದಿಟ್ಟಾಗ ಕುಡಿದೆ. ನಮ್ಮ ಮನೆಯದಕ್ಕಿಂತ ಚೆನ್ನಾಗಿತ್ತು.

ಆ ಕೋಠಿ ಒಂದು ಕಾಲಕ್ಕೆ ಚಿಟ್ಟೆಗಳಿಂದ ಮೊಟ್ಟೆ ಇಡಿಸುತ್ತಿದ್ದ ಜಾಗ. ಎರಡು ಕೋಣೆ. ಮುಂದಿನದರಲ್ಲಿ ಜಾಡಿಗಳು, ಒಂದು ಮೈಕ್ರೋಸ್ಕೋಪು, ಒಂದು ಸೀಮೆಎಣ್ಣೆಯ ಫ್ರಿಜ್ಜು. ಅದರ ಕೆಳಗೆ ಸದಾ ಒಂದು ಸಣ್ಣ ನೀಲಿ ಉರಿ, ಒಳಗೆ ಕೈ ಮರಗಟ್ಟುವ ಚಳಿ. ಹಿಂದಿನ ಕೋಣೆಯ ಕಿಟಕಿಗಳಿಗೆ ಕರಿ ಬಟ್ಟೆ ಜಡಿದಿದ್ದರು. ಮಟಮಟ ಮಧ್ಯಾಹ್ನದಲ್ಲೂ ಅಲ್ಲಿ ನನ್ನ ಕೈ ನನಗೇ ಕಾಣುತ್ತಿರಲಿಲ್ಲ. ಮಂಗಮ್ಮ ಹೇಳಿದ್ದು ನಿಜ. ಜಾಡಿಯ ಹುಳಗಳು ಸ್ಪಿರಿಟ್ಟಿನಲ್ಲಿ ಬೆಳ್ಳಗೆ, ತಲೆ ಎತ್ತಿ ನಿಂತಿದ್ದವು. ಇನ್ನೇನು ನೂಲು ಬಿಡುತ್ತವೆ ಎನ್ನುವ ಹಾಗೆ.

ಮೇಷ್ಟರು ಮಾತಿನವರು. ಎರಡು ಕೋಣೆಯಲ್ಲಿ ನಾವಿಬ್ಬರೇ ಆದ್ದರಿಂದ ಅವರ ಕಥೆಯೆಲ್ಲ ನನಗೆ ಬಂತು. ಚಿಂತಾಮಣಿ ಕಡೆಯ ಹಳ್ಳಿ. ಅವರಪ್ಪ ತಳವಾರಿಕೆ ಮಾಡಿಕೊಂಡಿದ್ದವರು. ಇವರು ಹಾಸ್ಟೆಲಿನಲ್ಲಿದ್ದು ಓದಿ, ಬೆಂಗಳೂರಿನಲ್ಲಿ ಡಿಗ್ರಿ ಮಾಡಿ, ಚಿಕ್ಕಬಳ್ಳಾಪುರದಲ್ಲಿ ಹೈಸ್ಕೂಲು ಹುಡುಗರಿಗೆ ವಿಜ್ಞಾನ ಹೇಳಿಕೊಟ್ಟರು. ಕೈ ನಡುಗುವುದು ಶುರುವಾಗಿ ಬೋರ್ಡಿನ ಮೇಲೆ ಅಕ್ಷರ ನಿಲ್ಲದೆ ಹೋದಾಗ ಕೆಲಸ ಬಿಟ್ಟರು. ಬೆಂಗಳೂರಿನಲ್ಲಿ ಇವರಿಗೆ ಪಾಠ ಹೇಳಿದ ದೊಡ್ಡ ಮೇಷ್ಟರೊಬ್ಬರು ಈ ಸಂಶೋಧನೆಯ ಕೆಲಸ ಕೊಟ್ಟು, ಬೇಕಾದ ಸಾಮಾನು ಕಳಿಸುತ್ತಿದ್ದರು.

"ಏನು ಕೆಲಸ ಮೇಷ್ಟ್ರೇ ಇದು?" ಎಂದು ಒಂದು ದಿನ ಕೇಳಿಯೇಬಿಟ್ಟೆ.

"ನೀನು ಮಾಡೋ ಕೆಲಸಾನೇ ಕಣಮ್ಮ. ನೂಲಿನ ಕೆಲಸ." ಕಡಲೆಕಾಯಿ ಸಿಪ್ಪೆ ಊದಿದರು. "ಹುಳ ಆಗ್ಲಿ, ಮನುಷ್ಯ ಆಗ್ಲಿ, ಮೈಯೆಲ್ಲ ಜೀವಕೋಶ. ಒಂದೊಂದು ಜೀವಕೋಶದ ಒಳಗೂ ಒಂದು ಎಳೆ ಇರ್ತದೆ. ಡಿ.ಎನ್.ಎ. ಅಂತಾರೆ. ಇವ್ನು ಹಿಂಗೇ ಇರ್ಬೇಕು ಅನ್ನೋದೆಲ್ಲ ಆ ಎಳೇಲಿ ಬರೆದಿರ್ತದೆ. ಬದುಕಿರೋವಾಗ ಹಳೇ ಎಳೆ ನೋಡ್ಕೊಂಡು ಅಂಥದ್ದೇ ಇನ್ನೊಂದು ಹೆಣೆಯಕ್ಕೆ ಒಂದು ಕಿಣ್ವ ಇದೆ. ನೂಲೋ ಕೈ ಅಂತ ಇಟ್ಕೊ. ಸತ್ತ ಮೇಲೆ ಆ ಕೈ ನಿಂತೋಗ್ತದೆ. ಎಳೆ ಹಂಗೇ ಇರ್ತದೆ. ಈಗ ಹೊರಗಿಂದ ಒಂದು ಕೈ ತಂದು ಕೊಟ್ರೆ?"

"ಸತ್ತಿದ್ದು ನೂಲ್ತದಾ?"

"ಅದನ್ನೇ ನೋಡ್ತಿರೋದು."

ಹೊರಗಿನ ಆ ಕೈ ಹದಿನೈದು ದಿನಕ್ಕೊಮ್ಮೆ ಬೆಂಗಳೂರಿನಿಂದ ಸಣ್ಣ ರೈಲಿನಲ್ಲಿ, ಫ್ಲಾಸ್ಕಿನೊಳಗೆ ಐಸಿನ ನಡುವೆ ಬರುತ್ತಿತ್ತು. ಬೆರಳುದ್ದದ ಸೀಸೆ, ನೀರಿನಂಥ ನೀರು. ಏತರಿಂದ ಮಾಡುತ್ತಾರೆ ಎಂದು ಕೇಳಿದಾಗ ಅವರು ಸುತ್ತಿ ಬಳಸಲಿಲ್ಲ. ಕರುವಿನ ಎದೆಯ ಮೇಲ್ಗಡೆ ಒಂದು ಗ್ರಂಥಿ ಇರುತ್ತದಂತೆ, ಅದನ್ನು ಅರೆದು ತೆಗೆಯುತ್ತಾರಂತೆ. ಆ ದಿನ ಮನೆಗೆ ಹೋಗಿ ಎರಡು ಸಲ ಸ್ನಾನ ಮಾಡಿದೆ. ಹಸುವಿನ ಮುಖ ನೋಡಲಾಗಲಿಲ್ಲ. ಮಾರನೆಯ ದಿನ ಹೋಗಬಾರದು ಎಂದುಕೊಂಡವಳು ಮಧ್ಯಾಹ್ನವಾಗುತ್ತಲೇ ಹೊರಟಿದ್ದೆ.

ಕೆಲಸದ ರೀತಿ ಹೀಗೆ. ಸತ್ತ ಹುಳುವಿನ ರೇಷ್ಮೆ ಗ್ರಂಥಿಯ ಒಂದು ಚೂರು ತೆಗೆದು ಗಾಜಿನ ಪಟ್ಟಿಯ ಮೇಲೆ ತೆಳ್ಳಗೆ ಹರಡಬೇಕು. ಒಂದೊಂದು ಹುಳುವಿಗೂ ಎರಡೆರಡು ಗಾಜು. ಮೊದಲ ಸೀಸೆಯಲ್ಲಿರುವುದು ಹೊಸ ಎಳೆ ಹೆಣೆಯಲು ಬೇಕಾದ ನೂಲಿನ ಸಾಮಾನು, ಅದರಿಂದ ಎರಡು ಗಾಜಿಗೂ ಒಂದೊಂದು ತೊಟ್ಟು. ಎರಡನೆಯ ಸೀಸೆಯಲ್ಲಿರುವುದು ಕಿಣ್ವ, ಅದರಿಂದ ಒಂದು ಗಾಜಿಗೆ ಮಾತ್ರ. ಇನ್ನೊಂದು ಖಾಲಿ ಗಾಜು.

"ಖಾಲಿ ಯಾಕೆ ಬಿಡ್ಬೇಕು?" ಎಂದಿದ್ದೆ.

"ಬಿಡ್ಲಿಲ್ಲ ಅಂದ್ರೆ, ನೂಲಿದ್ದು ಈ ಕಿಣ್ವದಿಂದ್ಲೋ ಇನ್ನೇತರಿಂದ್ಲೋ ಗೊತ್ತಾಗೋದು ಹೆಂಗೆ? ಖಾಲಿ ಗಾಜೇ ನಮ್ಮ ಸಾಕ್ಷಿ."

ಆಮೇಲೆ ಗಾಜುಗಳನ್ನು ಒದ್ದೆ ಬಟ್ಟೆ ಹಾಸಿದ ಡಬ್ಬಿಯಲ್ಲಿ ಬೆಚ್ಚಗೆ ಇಡುವುದು. ಮರಿಹುಳುವಿನ ತಟ್ಟೆಗೆ ಒದ್ದೆ ಬಟ್ಟೆ ಹೊದಿಸಿದ ಹಾಗೇ. ಆಮೇಲೆ ತೊಳೆದು, ಕತ್ತಲೆ ಕೋಣೆಯಲ್ಲಿ ಫೋಟೋ ಫಿಲಮ್ಮಿಗೆ ಬಳಿಯುವಂಥ ಮದ್ದಿನಲ್ಲಿ ಅದ್ದಿ, ಕರಿ ಪೆಟ್ಟಿಗೆಯಲ್ಲಿ ಮುಚ್ಚಿ, ಮೂರು ವಾರ ಫ್ರಿಜ್ಜಿನಲ್ಲಿ ಇಡಬೇಕು. ಆ ನೂಲಿನ ಸಾಮಾನಿನಲ್ಲಿ ಕಣ್ಣಿಗೆ ಕಾಣದ ಕಿಡಿ ಇರುತ್ತದಂತೆ. ಹೊಸ ಎಳೆಯೊಳಗೆ ಅದು ಸೇರಿದ್ದರೆ, ಸೇರಿದ ಜಾಗದಲ್ಲಿ ಕಿಡಿಗೊಂದು ಕರಿ ಚುಕ್ಕೆ ಮೂಡುತ್ತದೆ. ಸೇರದಿದ್ದರೆ ಚುಕ್ಕೆ ಇಲ್ಲ. ಮೊದಲ ಸಲ ಮೈಕ್ರೋಸ್ಕೋಪಿನಲ್ಲಿ ನೋಡಿದವಳು ಕಣ್ಣು ಒರೆಸಿಕೊಂಡು ಮತ್ತೆ ನೋಡಿದೆ. ಸತ್ತು ವರ್ಷವಾದ ಹುಳುವಿನ ಜೀವಕೋಶದೊಳಗೆ, ನಡುವಿನ ದುಂಡನೆಯ ಜಾಗದಲ್ಲಿ ಮಾತ್ರ, ಸಾಸಿವೆ ಚೆಲ್ಲಿದ ಹಾಗೆ ಚುಕ್ಕೆ. ಖಾಲಿ ಗಾಜಿನಲ್ಲಿ ಒಂದೂ ಇಲ್ಲ.

"ಜೀವ ಬಂತಾ ಮೇಷ್ಟ್ರೇ?"

"ಇಲ್ಲಮ್ಮ. ಜೀವ ಇಲ್ಲ. ಕೆಲಸ ಮಾತ್ರ ನಡೀತದೆ."

ಆ ಮಾತು ಸಮಾಧಾನಕ್ಕೆ ಹೇಳಿದರೋ ಏನೋ, ನನಗೆ ಮಾತ್ರ ಇನ್ನೂ ಭಯವಾಯಿತು.

ಅವರಿಗೆ ಬೇಕಾಗಿದ್ದದ್ದು, ಎಳೆ ಎಷ್ಟು ವರ್ಷದವರೆಗೆ ಹೀಗೆ ಉಳಿದಿರುತ್ತದೆ ಎಂಬುದು. ತಿಂಗಳಿನದು, ವರ್ಷದ್ದು, ಐದು ವರ್ಷದ್ದು ಎಲ್ಲ ಆಯಿತು. ಯುಗಾದಿಯಾಗಿ ಒಂದು ವಾರಕ್ಕೆ ಅವರು ಟ್ರಂಕಿನ ಅಡಿಯಿಂದ ಒಂದು ಸಣ್ಣ ಮರದ ಪೆಟ್ಟಿಗೆ ತೆಗೆದರು. ಅದರಲ್ಲಿ ಎರಡೇ ಗಾಜು.

"ಇದು ಹತ್ತು ವರ್ಷದ್ದು. ಹುಳದ್ದಲ್ಲ."

"ಮತ್ತೆ?"

"ನನ್ನ ಹೆಂಡ್ತೀದು. ಮದುವೆ ಆದ ವರ್ಷ ಸ್ಕೂಲಿನ ಮೈಕ್ರೋಸ್ಕೋಪು ಮನೆಗೆ ತಂದಿದ್ದೆ. ಆದಿಲಕ್ಷ್ಮಿ, ಬಾಯಿ ತೆಗಿಯೇ ಅಂದು, ಕೆನ್ನೆ ಒಳಗಡೆ ಕಡ್ಡೀಲಿ ಸವರಿ ತೆಗೆದು, ಗಾಜಿಗೆ ಬಳಿದು, ಸ್ಪಿರಿಟ್ಟಲ್ಲಿ ಅದ್ದಿ ಇಟ್ಟಿದ್ದು. ಎರಡನೇದು ತೆಗಿಯೋವಾಗ ನಕ್ಕುಬಿಟ್ಲು. ಅದಕ್ಕೇ ನೋಡು, ಅದು ಸೊಟ್ಟಗಿದೆ."

ಆದಿಲಕ್ಷ್ಮಿ ಐವತ್ತೊಂಬತ್ತರಲ್ಲಿ ಬಾಣಂತನದಲ್ಲಿ ತೀರಿಕೊಂಡಿದ್ದಳು. ಮಗುವೂ ಉಳಿಯಲಿಲ್ಲ. ಮೇಷ್ಟರ ಹತ್ತಿರ ಅವಳ ಒಂದು ಫೋಟೋ ಕೂಡ ಇರಲಿಲ್ಲ. ಲೋಕದಲ್ಲಿ ಅವಳದು ಎಂದು ಉಳಿದಿದ್ದದ್ದು ಆ ಎರಡು ಗಾಜು.

ಮಾರನೆಯ ದಿನ ಕೆಲಸಕ್ಕೆ ಕೂತೆವು. ಹುಳುವಿನ ಹತ್ತು ಗಾಜು, ಕೊನೆಗೆ ಅವಳ ಎರಡು. ಅವಳ ಗಾಜಿನ ಸರದಿ ಬಂದಾಗ ಮೇಷ್ಟರು, "ನನ್ನಿಂದ ನೋಡಕ್ಕಾಗಲ್ಲ, ನೀನೇ ಮಾಡು," ಎಂದು ಎದ್ದು ಬಾಗಿಲ ಹತ್ತಿರ ಬೆನ್ನು ಮಾಡಿ ನಿಂತರು. ಎರಡು ಗಾಜಿಗೂ ಸಾಮಾನು ಹಾಕಿದೆ. ಮೊದಲನೆಯದಕ್ಕೆ ಕಿಣ್ವ ಹಾಕಿದೆ, ಎರಡನೆಯದಕ್ಕೆ ಇಲ್ಲ. ನಕ್ಕು ಸೊಟ್ಟಗಾದ ಗಾಜು ಅದು.

ನಮ್ಮಲ್ಲಿ ಮುತ್ತೈದೆಯಾಗಿ ಸತ್ತವಳಿಗೆ ಎಡೆ ಇಡುವ ಪದ್ಧತಿ ಇದೆ. ಅವಳ ಹೆಸರಲ್ಲಿ ಎಲೆ ಹಾಕಿದ ಮೇಲೆ ಆ ಎಲೆಯನ್ನು ಖಾಲಿ ಬಿಡಬಾರದು. ಒಂದು ಅಗುಳಾದರೂ ಬೀಳಬೇಕು. ಇಲ್ಲದಿದ್ದರೆ ಬಂದವಳು ಹಸಿದುಕೊಂಡು ಹೋಗುತ್ತಾಳೆ ಎನ್ನುತ್ತಾರೆ. ಗಂಡ ಹೋದ ಮೇಲೆ ಅಂಥ ಎಲೆಯ ಹತ್ತಿರ ನನ್ನ ಕೈಯನ್ನು ಯಾರೂ ಬಿಟ್ಟಿರಲಿಲ್ಲ. ನನ್ನ ಮುಂದೆ ಎರಡು ಎಲೆ, ಒಂದಕ್ಕೆ ಬಡಿಸಿ ಆಗಿದೆ, ಇನ್ನೊಂದು ಖಾಲಿ. ನನ್ನ ಕೈಯಲ್ಲಿದ್ದ, ತೊಟ್ಟು ಹಾಕುವ ಕೊಳವೆಯ ತುದಿಯಲ್ಲಿ ಕಿಣ್ವದ ಒಂದು ಹನಿಯೂ ಅಲ್ಲ, ಹನಿಯ ತೇವ ಉಳಿದಿತ್ತು. ಸೂಜಿ ಮೊನೆಯಷ್ಟು. ಅದನ್ನು ಆ ಗಾಜಿಗೆ ಮುಟ್ಟಿಸಿಬಿಟ್ಟೆ.

ತಪ್ಪು ಎಂದು ನನಗೆ ಅನ್ನಿಸಲೇ ಇಲ್ಲ. ಅನ್ನಿಸಿದ್ದರೆ ಆಗಲೇ ಬಾಯಿಬಿಡುತ್ತಿದ್ದೆ.

ಆ ಮೂರು ವಾರ ಕೋಠಿಯಲ್ಲಿ ಕೆಲಸ ಕಡಿಮೆ. ಬದುಕಿರುವ ಹುಳು ಅಲ್ಲಿ ಒಂದೂ ಇರಲಿಲ್ಲ, ಸೊಪ್ಪಿನ ಒಂದು ಎಲೆಯೂ ಇರಲಿಲ್ಲ. ಆದರೂ ಒಂದು ಮಧ್ಯಾಹ್ನ ನೆಲ ಒರೆಸುತ್ತಿದ್ದಾಗ ಫ್ರಿಜ್ಜಿನ ಕಡೆಯಿಂದ ಸರಸರ ಎಂಬ ಸದ್ದು ಕೇಳಿತು. ನಾಲ್ಕನೇ ಸಲ ಪೊರೆ ಬಿಟ್ಟು ಜ್ವರ ಎದ್ದ ಹುಳುಗಳು ಸೊಪ್ಪು ಮೇಯುವಾಗ ತೆಂಗಿನ ಗರಿಯ ಮೇಲೆ ಸೋನೆ ಹಿಡಿದ ಹಾಗೆ ಕೇಳುತ್ತದಲ್ಲ, ಅದೇ ಸದ್ದು. ಹುಟ್ಟಿದಾಗಿನಿಂದ ಕೇಳಿದವಳು ನಾನು, ಗುರುತು ಹಿಡಿಯಲು ಕಷ್ಟವಿಲ್ಲ. ಹತ್ತಿರ ಹೋದೆ, ನಿಂತಿತು. ದೂರ ಬಂದೆ, ಮತ್ತೆ ಶುರುವಾಯಿತು. ಬಕೆಟ್ಟು ಅಲ್ಲೇ ಬಿಟ್ಟು ಅಂಗಳಕ್ಕೆ ಬಂದು ಬಿಸಿಲಲ್ಲಿ ಕೂತೆ. ಯಾರಿಗೂ ಹೇಳಲಿಲ್ಲ.

ಇಪ್ಪತ್ತೆರಡನೆಯ ದಿನ ಗಾಜು ತೆಗೆದು, ಮದ್ದಿನಲ್ಲಿ ತೊಳೆದು, ಬಣ್ಣ ಹಾಕಿದೆವು. ಹುಳುವಿನ ಗಾಜೆಲ್ಲ ಎಂದಿನಂತೆ. ಆದಿಲಕ್ಷ್ಮಿಯ ಮೊದಲ ಗಾಜಿನಲ್ಲಿ ಅಲ್ಲಲ್ಲಿ ಚುಕ್ಕೆ. ಮೇಷ್ಟರು "ಹ್ಞೂಂ, ಹತ್ತು ವರ್ಷ," ಎಂದರು, ಅಷ್ಟೇ. ಆಮೇಲೆ ಎರಡನೆಯ ಗಾಜು ಇಟ್ಟರು. ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. ಅವರ ಬಲಗೈ ಮೇಜಿನ ಮೇಲಿತ್ತು. ಅದು ನಡುಗುತ್ತಿರಲಿಲ್ಲ.

"ನೋಡು," ಎಂದರು.

ಕಣ್ಣಿಟ್ಟೆ. ನೀಲಿ ದುಂಡುಗಳ ಮೇಲೆ ಚುಕ್ಕೆ, ಚುಕ್ಕೆ, ಚುಕ್ಕೆ. ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ. ಮೊದಲನೆಯ ಗಾಜಿನ ಎರಡರಷ್ಟಿತ್ತು.

"ಕೈ ಕೊಡ್ಲಿಲ್ಲ ಕಣಮ್ಮ ನಾವು ಇದಕ್ಕೆ. ಇದು ಖಾಲಿ ಗಾಜು. ಅವಳದೇ ಕೈ ಇದು. ಇನ್ನೂ ನಿಂತಿಲ್ಲ." ಧ್ವನಿ ಮೆಲ್ಲಗಿತ್ತು, ಪಕ್ಕದ ಕೋಣೆಯಲ್ಲಿ ಯಾರೋ ಮಲಗಿದ್ದಾರೆ ಎನ್ನುವ ಹಾಗೆ.

ಆಗಲೇ ಹೇಳಬೇಕಿತ್ತು. ನನ್ನ ಸೂಜಿ ಮೊನೆಯಷ್ಟು ತೇವಕ್ಕೆ ಇಷ್ಟೆಲ್ಲ ಆಗಿರಲಿಕ್ಕಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಅಂದಿನಿಂದ ಅವರು ಬೇರೆ ಮನುಷ್ಯರಾದರು. ಊಟ ಮರೆತರು. ಮೈಕ್ರೋಸ್ಕೋಪಿನ ಮುಂದೆ ಕೂತು ಚುಕ್ಕೆ ಎಣಿಸುವುದು, ನಡುವೆ ತಲೆ ಎತ್ತಿ ನಗುವುದು. ಒಂದು ದಿನ ನಾನು ಒಳಗೆ ಕಾಲಿಟ್ಟಾಗ, "ಬಾಗಿಲು ಹಾಕೇ, ಬೆಳಕು ಕಣ್ಣಿಗೆ ಬೀಳ್ತದೆ ಅಂತಾಳೆ," ಎಂದರು. ಯಾರು ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಜಾಡಿಯ ಹುಳುಗಳು ನಮ್ಮಿಬ್ಬರನ್ನೂ ನೋಡುತ್ತಿದ್ದವು. ಬೆಂಗಳೂರಿನ ದೊಡ್ಡ ಮೇಷ್ಟರಿಗೆ ಕಾಗದ ಹೋಯಿತು. ವಾರದಲ್ಲಿ ಉತ್ತರ ಬಂತು: ನಂಬುವುದು ಕಷ್ಟ, ಗಾಜು ತೆಗೆದುಕೊಂಡು ಬನ್ನಿ, ಸೋಮವಾರ ವಿಜ್ಞಾನಿಗಳ ಸಭೆಯಿದೆ, ನೀವೇ ನಿಂತು ಹೇಳಿ.

"ಏನಂತ ಹೇಳ್ತೀರ ಮೇಷ್ಟ್ರೇ?"

"ಮನುಷ್ಯನ ಜೀವಕೋಶ ಸತ್ತು ಹತ್ತು ವರ್ಷ ಆದ್ರೂ ತಾನಾಗೇ ಕೆಲಸ ಮಾಡ್ತದೆ ಅಂತ. ನಮ್ಮಪ್ಪ ತಮಟೆ ಹಿಡ್ಕೊಂಡು ಊರಿಗೆ ಸಾರ್ತಿದ್ದ. ಈಗ ಅವನ ಮಗ ಸಾರ್ತಾನೆ."

ಸುಳ್ಳು ಎಂದು ಗೊತ್ತಾದರೆ ಅಲ್ಲಿ ಕೋಟು ಹಾಕಿಕೊಂಡು ಕೂತ ಅಷ್ಟು ಜನ ಇವರನ್ನು ಏನೆಂದಾರು? ತಳವಾರನ ಮಗ ಎಂದಾರು, ಹುಚ್ಚ ಎಂದಾರು. ಅವರು ಇಷ್ಟು ದಿನ ಮಾಡಿದ ಹುಳುವಿನ ಕೆಲಸವನ್ನೂ ಆಮೇಲೆ ಯಾರು ನಂಬುತ್ತಾರೆ?

ಸೋಮವಾರ ಬೆಳಿಗ್ಗೆ ಚರಕದ ಮನೆಗೆ ಹೋದೆ. ಕಡಾಯಿಯಲ್ಲಿ ಎಳೆ ಮೂರು ಸಲ ಹರಿಯಿತು. "ಏನೇ ನಿಂಗೂ ಮೇಷ್ಟ್ರ ಕೈ ಬಂತಾ?" ಎಂದಳು ವೆಂಕಟರತ್ನಮ್ಮ. ಕೈ ಒರೆಸಿಕೊಂಡು ಎದ್ದು ಸ್ಟೇಷನ್ನಿಗೆ ಓಡಿದೆ.

ಸಣ್ಣ ರೈಲು ಆಗಲೇ ಬಂದು ನಿಂತಿತ್ತು. ಮೇಷ್ಟರು ಕಿಟಕಿ ಪಕ್ಕದಲ್ಲಿ, ತೊಡೆಯ ಮೇಲೆ ಆ ಮರದ ಪೆಟ್ಟಿಗೆ.

"ಮೇಷ್ಟ್ರೇ, ಇಳೀರಿ."

"ಯಾಕಮ್ಮ, ಏನಾಯ್ತು? ಮನೇಲಿ ಎಲ್ಲ ಸರಿ ಇದಾರಾ?"

"ಎರಡನೇ ಗಾಜಿಗೂ ನಾನು ಮುಟ್ಟಿಸ್ದೆ."

ಅವರಿಗೆ ತಕ್ಷಣ ಅರ್ಥವಾಗಲಿಲ್ಲ. ಎಡೆಯ ವಿಷಯ, ಖಾಲಿ ಎಲೆಯ ವಿಷಯ, ಎಲ್ಲವನ್ನೂ ಕಿಟಕಿಯ ಸರಳು ಹಿಡಿದುಕೊಂಡು ಹೇಳಿದೆ. ಗಾರ್ಡು ಸೀಟಿ ಊದಿದ. ಅವರು ಎದ್ದು, ನಿಧಾನವಾಗಿ, ಪೆಟ್ಟಿಗೆ ಎದೆಗೆ ಒತ್ತಿಕೊಂಡು ಇಳಿದರು. ರೈಲು ಹೊರಟುಹೋಯಿತು. ಇಬ್ಬರೂ ಬೇವಿನ ಮರದ ಕೆಳಗಿನ ಕಲ್ಲಿನ ಮೇಲೆ ಕೂತೆವು. ಅವರ ಕೈ ಮತ್ತೆ ಆಡಲು ಶುರುಮಾಡಿತ್ತು.

"ಎಷ್ಟು ಹಾಕ್ದೆ?"

"ಸೂಜಿ ಮೊನೆಯಷ್ಟು."

"ಅಷ್ಟಕ್ಕೆ ಅಷ್ಟು ಚುಕ್ಕೆ ಬರಲ್ಲ. ತುಂಬ ಹಾಕಿದ್ದಕ್ಕೇ ಅದರರ್ಧ ಬಂದದೆ." ತಾವೇ ತಲೆಯಾಡಿಸಿದರು. "ಆದ್ರೆ ಹಂಗಂತ ಹೇಳಕ್ಕೆ ನನ್ನತ್ರ ಇನ್ನೊಂದು ಗಾಜು ಎಲ್ಲಿದೆ? ನಡಿ."

ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವತ್ತೇ ಬೆಂಗಳೂರಿಗೆ ಕಾಗದ ಬರೆದರು. ಕೈ ನಿಲ್ಲದ ಕಾರಣ ಒಂದು ಪುಟಕ್ಕೆ ಮಧ್ಯಾಹ್ನವೆಲ್ಲ ಹಿಡಿಯಿತು. ಆ ಗಾಜನ್ನು ಲೆಕ್ಕಕ್ಕೆ ಹಿಡಿಯಬೇಡಿ, ಕೆಲಸ ಮಾಡುವಾಗ ತಮ್ಮ ಕಡೆಯಿಂದಲೇ ತಪ್ಪಾಗಿದೆ ಎಂದು ಬರೆದದ್ದನ್ನು ಓದಿ ಹೇಳಿದರು. ನನ್ನ ಹೆಸರು ಅದರಲ್ಲಿರಲಿಲ್ಲ.

ಹುಳುವಿನ ಕೆಲಸ ಇನ್ನೂ ಒಂದು ವರ್ಷ ನಡೆಯಿತು. ಅದರ ಬರಹ ಅಚ್ಚಾಯಿತು, ದೊಡ್ಡ ಮೇಷ್ಟರ ಹೆಸರಿನ ಕೆಳಗೆ ಇವರದೂ ಇತ್ತಂತೆ. ಆಮೇಲೆ ನಡುಕ ಕಾಲಿಗೂ ಇಳಿಯಿತು. ಗೌರಿಬಿದನೂರಿನಲ್ಲಿದ್ದ ಅವರ ಅಕ್ಕ ರಾಮಲಕ್ಷ್ಮಮ್ಮ ಬಂದು ಕರೆದುಕೊಂಡು ಹೋದರು. ಕೋಠಿಗೆ ಬೀಗ ಬಿತ್ತು. ಜಾಡಿಗಳನ್ನು ಕೆರೆಯಂಗಳದಲ್ಲಿ ಹೂಳಿಸಿದರು. ನಾನು ಚರಕಕ್ಕೆ ಮರಳಿದೆ.

ಅರವತ್ತೊಂಬತ್ತರ ಕಾರ್ತಿಕದಲ್ಲಿ, ನೋಡಬೇಕಂತೆ ಬಾ ಎಂದು ರಾಮಲಕ್ಷ್ಮಮ್ಮನ ಕಾರ್ಡು ಬಂತು. ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಾಯಿಸಿ ಹೋದೆ. ಮೇಷ್ಟರು ಮಂಚದ ಮೇಲೆ ಕಡ್ಡಿಯಂತಾಗಿದ್ದರು. ತಲೆಯ ಹತ್ತಿರದ ಗೋಡೆಗೂಡಿನಲ್ಲಿ ಅದೇ ಮರದ ಪೆಟ್ಟಿಗೆ. ಅದಕ್ಕೆ ರಾಮಲಕ್ಷ್ಮಮ್ಮ ಅರಿಶಿನ ಕುಂಕುಮ ಇಟ್ಟಿದ್ದರು. "ಇಡೀ ದಿನ ಅದರ ಕಡೇನೇ ಕಿವಿ ಕೊಟ್ಕೊಂಡಿರ್ತಾನಮ್ಮ, ಏನು ಕೇಳಿಸ್ತದೋ," ಎಂದು ಕಾಫಿ ಕಾಯಿಸಲು ಹೋದರು.

"ಚಿಕ್ಕವೆಂಕಟಮ್ಮ, ಬಾಗಿಲು ಸ್ವಲ್ಪ ಮುಂದಕ್ ಮಾಡು," ಎಂದರು ಮೇಷ್ಟರು. ಮಾಡಿದೆ. ಮಂಚದ ಪಕ್ಕ ಕೂತೆ.

"ಕಾಗದ ಬರೆದಿದ್ದು ಸರೀನೇ. ಅದನ್ನ ಬದಲಾಯಿಸು ಅಂತಿಲ್ಲ. ಬೆಂಗಳೂರಿಗೆ ಹೇಳಬೇಕಾಗಿಲ್ಲ, ನಮ್ಮಕ್ಕನಿಗೂ ಹೇಳಬೇಕಾಗಿಲ್ಲ. ನಿಜ ಏನಂತ ನಂಗೊತ್ತು, ನಿಂಗೂ ಗೊತ್ತು." ಉಸಿರು ಸಾಲದೆ ನಿಲ್ಲಿಸಿದರು. ಮತ್ತೆ ನನ್ನ ಮಣಿಕಟ್ಟು ಹಿಡಿದುಕೊಂಡರು. ಅವರ ನಡುಕ ನನ್ನ ಕೈಗೂ ಬಂತು. "ಆ ಎರಡನೇ ಗಾಜಿಗೆ ನಾನು ಏನೂ ಹಾಕ್ಲಿಲ್ಲ ಮೇಷ್ಟ್ರೇ ಅಂತ ಒಂದೇ ಒಂದು ಸಲ, ಅವಳಿಗೂ ಕೇಳೋ ಹಂಗೆ, ಹೇಳ್ಬಿಡಮ್ಮ."